ಚಕ್ರ ಹಿಡಿಯಲು ಅಂಜುವವರು

ಮಕ್ಕಳಿಗೆ 18 ತುಂಬಿತೆಂದರೆ ಸಾಕು, ನಮ್ಮ ಪಟ್ಟಣದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಗಾಡಿ ಓಡಿಸುವುದನ್ನು ಯಾವಾಗ ಕಲಿಯುತ್ತೀ?" ಹುಡುಗನಿಗೆ ಮೀಸೆ ಮೂಡುವಂತೆ ಲೈಸೆನ್ಸೂ ತಾನಾಗಿಯೇ ಮೂಡಬೇಕೆಂಬುದು ನಮ್ಮ ನಂಬಿಕೆ. ಆಗ ಮಗನೋ ಮಗಳೋ "ನನಗೆ ಇನ್ನೂ ಮನಸ್ಸು ಬಂದಿಲ್ಲ, ಸ್ವಲ್ಪ ಕಾಲ ಹೋಗಲಿ" ಎಂದುಬಿಟ್ಟರೆ ಹೆತ್ತವರ ಮುಖ ಸಪ್ಪಗಾಗುತ್ತದೆ. ನೆರೆಮನೆಯ ಹುಡುಗನ ಉದಾಹರಣೆ ಬರುತ್ತದೆ. ಹೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಕೆಲವು ಮನೆಗಳಲ್ಲಿ ನಿಲ್ಲುವುದೂ ಇಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ; ವಯಸ್ಸು 19. ತಂದೆ ಸ್ಕೂಟರು ಕೊಡಿಸುತ್ತೇನೆಂದರೂ ಆಕೆ ಒಲ್ಲೆನೆನ್ನುತ್ತಾಳೆ. "ಬೀಳುತ್ತೀಯೆಂಬ ಭಯವೇನಮ್ಮಾ?" ಎಂದು ಕೇಳಿದೆ. "ನಾನು ಬಿದ್ದರೆ ಗಾಯ ಮಾಯುತ್ತದೆ ಮಾವ, ಅಡ್ಡ ಬಂದ ಮಗುವಿಗೆ ನನ್ನಿಂದ ಏನಾದರೂ ಆದರೆ?" ಎಂದಳು. ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಇದು ಅಂಜಿಕೆಯೋ ವಿವೇಕವೋ?

ಹಿರಿಯರ ಪಕ್ಷವನ್ನು ಮೊದಲು ಕೇಳೋಣ. ನೀರಿಗಿಳಿಯದೆ ಈಜು ಬಾರದು ಎನ್ನುತ್ತಾರೆ ಅವರು. ಇದು ಹಗುರವಾದ ಮಾತಲ್ಲ. ಗ್ರೀಸಿನ ಅರಿಸ್ಟಾಟಲನ ನೀತಿವಿಚಾರವೂ ಇತ್ತ ಕಡೆಗೇ ವಾಲುತ್ತದೆ. ಮನೆ ಕಟ್ಟುವ ವಿದ್ಯೆ ಕಟ್ಟುತ್ತ ಕಟ್ಟುತ್ತಲೇ ಕೈಗೂಡುವಂತೆ, ಧೈರ್ಯವೂ ಧೈರ್ಯದ ಕೆಲಸಗಳನ್ನು ಮಾಡುತ್ತಲೇ ಬೆಳೆಯುವ ಗುಣವೆಂಬುದು ಅವನ ಮತ. ಹಾಗೆ ನೋಡಿದರೆ ಸಿದ್ಧತೆಯೆಂಬುದು ಕೆಲಸಕ್ಕೆ ಮುಂಚೆ ಬಂದು ಬಾಗಿಲು ತಟ್ಟುವ ಅತಿಥಿಯಲ್ಲ; ಅದು ಕೆಲಸದೊಳಗಿಂದಲೇ ಹುಟ್ಟಬೇಕು.

ಸರಿಯೇ. ಆದರೆ ಈಜಿಗೂ ಮೋಟಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಈಜು ಕಲಿಯುವವನು ತಪ್ಪಿದರೆ ಮುಳುಗುವವನು ಅವನೇ. ಗಂಟೆಯ ಬಾಡಿಗೆಗೆ ಸೈಕಲ್ಲು ತಂದು ನಾವು ಕಲಿತಾಗ ತರಚಿದ್ದು ನಮ್ಮ ಮೊಣಕಾಲೇ. ಮೋಟಾರಿನಲ್ಲಾದರೋ ಕಲಿಕೆಯ ಶುಲ್ಕವನ್ನು ತೆರುವವನು ಬೇರೊಬ್ಬನಾಗಬಹುದು, ಅದೂ ಅವನ ಒಪ್ಪಿಗೆಯಿಲ್ಲದೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ; ಕಾಲು ಬ್ರೇಕನ್ನು ಹುಡುಕುವಷ್ಟರಲ್ಲಿ ಒಂದು ಮನೆಯ ಅಗಲ ದಾಟಿರುತ್ತದೆ. ಹೊಸಬನ ಗಮನವೆಲ್ಲ ಕ್ಲಚ್ಚು ಗೇರುಗಳಲ್ಲೇ ಸೋರಿಹೋಗುತ್ತದೆ. ಪಳಗಿದವನ ಕೈಕಾಲುಗಳು ತಮ್ಮಷ್ಟಕ್ಕೆ ಆಡುವುದರಿಂದ ಅವನ ಕಣ್ಣು ದೂರಕ್ಕೆ ಹರಿಯಬಲ್ಲುದು. 2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಇದನ್ನು ಬಲ್ಲ ಒಂದು ಎಳೆಯ ಜೀವ ಚಕ್ರದ ಮುಂದೆ ಒಂದು ಕ್ಷಣ ತಡೆದು ನಿಂತರೆ ಅದನ್ನು ಹೇಡಿತನವೆನ್ನಲು ನನಗೆ ಮನಸ್ಸಾಗದು.

ಹಾಗೆಂದು ತಡೆದು ನಿಂತವರೆಲ್ಲ ಧರ್ಮಾತ್ಮರೆಂದೂ ಹೇಳಲಾರೆ. ಗೆಳೆಯರ ಮುಂದೆ ನಗೆಗೀಡಾದೇನೆಂಬ ಸಂಕೋಚವೂ, ಬರಿಯ ಸೋಮಾರಿತನವೂ ಪರಹಿತದ ವೇಷ ಹಾಕಿಕೊಂಡು ಬರುವುದುಂಟು. ಅದೂ ಅಲ್ಲದೆ, ತಾನು ಕಲಿಯದೆ ಆಟೋದಲ್ಲಿ ಕುಳಿತು ಹೋಗುವವನು ಅಪಾಯವನ್ನು ಅಳಿಸಿದಂತಾಗಲಿಲ್ಲ. ಇನ್ನೊಬ್ಬನ ಹೆಗಲಿಗೆ ಸಾಗಿಸಿದ್ದಾನೆ, ಅಷ್ಟೆ. ಆ ಚಾಲಕನೂ ಒಂದು ದಿನ ಹೊಸಬನಾಗಿ ನಡುಗುತ್ತ ರಸ್ತೆಗಿಳಿದವನೇ ಅಲ್ಲವೆ? ಹಿಂದಿನ ಸೀಟಿನಲ್ಲಿ ಕುಳಿತು ಕೈ ಶುದ್ಧವಾಗಿಟ್ಟುಕೊಂಡೆನೆಂದು ಬೀಗುವುದಕ್ಕೆ ಅರ್ಥವಿಲ್ಲ. ನಡುರಾತ್ರಿ ಮನೆಯ ಮುದುಕರಿಗೆ ಎದೆನೋವು ಬಂದಾಗ ಗಾಡಿ ಬಲ್ಲ ಒಂದು ಕೈಯ ಬೆಲೆ ಏನೆಂಬುದೂ ನಮಗೆ ಗೊತ್ತು.

ಹಾಗಾದರೆ ದಾರಿಯೇನು? ನಮ್ಮ ಹಳ್ಳಿಗಳ ಬಾವಿಯೇ ಅದನ್ನು ತೋರಿಸಿಕೊಟ್ಟಿದೆ. ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸುತ್ತಿದ್ದರು; ಮೈ ಹಗುರವಾಗುತ್ತ ಬಂದಂತೆ ಬುರುಡೆಯನ್ನು ಬಿಚ್ಚುತ್ತಿದ್ದರು. ಅಂಜಿಕೆಯನ್ನು ಬೈಯದೆ ಮೆಟ್ಟಲು ಮೆಟ್ಟಲಾಗಿ ಇಳಿಸುವ ವಿದ್ಯೆ ಅದು. ಈ ಕ್ರಮವನ್ನೇ ನ್ಯೂಜಿಲೆಂಡ್ ದೇಶ 1987ರಲ್ಲಿ ರಸ್ತೆಯ ಕಾನೂನನ್ನಾಗಿ ಮಾಡಿತು. ಕಲಿಕೆಯ ಅವಧಿ ಮುಗಿದರೂ ಅಲ್ಲಿ ಪೂರ್ಣ ಲೈಸೆನ್ಸು ಕೂಡಲೇ ಸಿಗದು. ನಡುವಣ ಒಂದು ಹಂತದಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂಟಿಯಾಗಿ ಓಡಿಸುವಂತಿಲ್ಲ. ನಮ್ಮ ಕಾನೂನೂ ಇದನ್ನು ಮರೆತಿಲ್ಲ. ಕಾರು ಕಲಿಯುವವನು ಗಾಡಿಯ ಹಿಂದೆ ಮುಂದೆ ಕೆಂಪು 'ಎಲ್' ಅಕ್ಷರ ಹಚ್ಚಿಕೊಳ್ಳಬೇಕು. ಗಾಡಿಯನ್ನು ತಡೆದು ನಿಲ್ಲಿಸಬಲ್ಲ ಲೈಸೆನ್ಸುದಾರನೊಬ್ಬ ಪಕ್ಕದಲ್ಲಿ ಕುಳಿತಿರಬೇಕು. ಆ ಕೆಂಪಕ್ಷರಕ್ಕೆ ನಾವು ಕೊಡುವ ಮರ್ಯಾದೆಯೆಂದರೆ ಹಿಂದಿನಿಂದ ಹಾರನ್ನು ಬಾರಿಸುವುದು! ಕಲಿಯುವವನಿಗೆ ತಪ್ಪುವಷ್ಟು ಎಡೆಗೊಡದ ರಸ್ತೆಯಲ್ಲಿ ಅವನಿಗೆ ಧೈರ್ಯ ಎಲ್ಲಿಂದ ಬರಬೇಕು?

ಇನ್ನೊಂದು ವಿಚಿತ್ರವುಂಟು. ಸಿದ್ಧನಲ್ಲವೆನ್ನುವ 19ರ ಹುಡುಗಿಗೆ ಬುದ್ಧಿ ಹೇಳುವ ನಾವೇ, 14ರ ಹುಡುಗ ಸ್ಕೂಟರು ಏರಿ ಅಂಗಡಿಗೆ ಹೋಗಿ ಬಂದರೆ "ನಮ್ಮವನು ಚೂಟಿ" ಎಂದು ಹಿಗ್ಗುತ್ತೇವೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿನಂತೆ ಅಂಥ ತಪ್ಪಿಗೆ ಪೋಷಕರಿಗೋ ಗಾಡಿಯ ಒಡೆಯನಿಗೋ 3 ವರ್ಷದವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಉಂಟು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ಸಿಗದು. ಅಳುಕೇ ಇಲ್ಲದವನನ್ನು ಕಾನೂನು ತಡೆಯುತ್ತದೆ, ನಾವು ಮೆಚ್ಚುತ್ತೇವೆ. ಅಳುಕುಳ್ಳವಳನ್ನು ಕಾನೂನು ಕಾಯುತ್ತದೆ, ನಾವು ನೂಕುತ್ತೇವೆ.

ಈ ಅಳುಕು ನಮ್ಮ ಮಕ್ಕಳಿಗೆ ಮಾತ್ರ ಅಂಟಿದ್ದೂ ಅಲ್ಲ. ಮೋಟಾರಿನ ತವರೆನಿಸಿದ ಅಮೆರಿಕದಲ್ಲಿ 1983ರಲ್ಲಿ 16ರ ಹರೆಯದವರ ಪೈಕಿ 100ಕ್ಕೆ ಸುಮಾರು 46 ಮಂದಿಗೆ ಲೈಸೆನ್ಸು ಇತ್ತು. 2014ರ ಹೊತ್ತಿಗೆ ಅದು ಸುಮಾರು 25ಕ್ಕೆ ಇಳಿಯಿತು. ಇದಕ್ಕೆ ಕಾರಣಗಳು ಹಲವಿರಬಹುದು. ಆದರೆ "ಇನ್ನೂ ಇಲ್ಲ" ಎನ್ನಬೇಕಾದರೆ ಹೋಗಲು ಬೇರೆ ದಾರಿಯೊಂದು ಇರಬೇಕು. 2011ರಲ್ಲಿ ಆರಂಭವಾದ ಮೆಟ್ರೋ ರೈಲು, ನಗರದ ಬಸ್ಸುಗಳು ಬೆಂಗಳೂರಿನ ಮಕ್ಕಳಿಗೆ ಆ ಅವಕಾಶವನ್ನು ಕೊಟ್ಟಿವೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ನಡೆದೇ ಹೋಗಬೇಕಾದ ಊರಿನ ಹುಡುಗನಿಗೆ ಈ ಆಯ್ಕೆಯೇ ಇಲ್ಲ. ಸಾವಕಾಶವಾಗಿ ದೊಡ್ಡವರಾಗುವ ಹಕ್ಕನ್ನೂ ನಾವು ಊರು ನೋಡಿ ಹಂಚಿದ್ದೇವೆ.

ಆದುದರಿಂದ ಸಿದ್ಧನಲ್ಲವೆಂದವರನ್ನು ನೂಕುವುದೂ ಬೇಡ, ಅವರ ಪಾಡಿಗೆ ಬಿಡುವುದೂ ಬೇಡ. ಯಾವುದರ ಅಂಜಿಕೆಯೆಂದು ಕೂರಿಸಿಕೊಂಡು ಕೇಳಿದರೆ ಸಾಕು. ತನಗಾಗುವ ಅವಮಾನದ್ದಾದರೆ ಜೊತೆಗಾರರಿಲ್ಲದ ಒಂದು ಬಯಲಿನಲ್ಲಿ ಅದು ನಾಲ್ಕು ದಿನಕ್ಕೆ ಕಳೆದೀತು. ಪರರಿಗಾಗುವ ನೋವಿನದಾದರೆ ಅದು ಕಳೆಯುವುದು ಬೇಡ. ಅದನ್ನು ಜೊತೆಗಿಟ್ಟುಕೊಂಡೇ ಮೆಲ್ಲನೆ ಕಲಿಯಲಿ. ದಾರಿಯಲ್ಲಿ ನಡೆದು ಹೋಗುವ ನಮ್ಮೆಲ್ಲರ ಕ್ಷೇಮ, ಗಾಡಿ ಬಂದ ಮೇಲೂ ಆ ಅಂಜಿಕೆಯನ್ನು ಮರೆಯದವರ ಕೈಯಲ್ಲಿದೆ.