ಆಟವೂ ಅನರ್ಥದಂಡವೇ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದೆ ಮನ, ವಚನ, ಕಾಯಗಳನ್ನು ಪಾಪಕ್ಕೆ ತೊಡಗಿಸಬಾರದೆಂಬುದು ಅದರ ಸಾರ. ಅದರ ಐದು ಭೇದಗಳಲ್ಲಿ ಅಪಧ್ಯಾನವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪರರ ಜಯ-ಪರಾಜಯಗಳ ಚಿಂತನೆಯನ್ನೂ ಸೇರಿಸಿದ್ದಾರೆ. ಹಾಗಾದರೆ ರೇಡಿಯೋದ ಮುಂದೆ ಕುಳಿತು ಕ್ರಿಕೆಟ್ಟಿನ ಸೋಲು-ಗೆಲುವುಗಳಿಗೆ ಕಿವಿಗೊಡುವ ಗೃಹಸ್ಥನ ಗತಿಯೇನು? ಸ್ವಾಧ್ಯಾಯಕ್ಕೆ ಕುಳಿತಾಗ ಈ ಪ್ರಶ್ನೆ ನನ್ನನ್ನು ಕಾಡುವುದುಂಟು. ಏಕೆಂದರೆ ನನ್ನ ತಂದೆಯವರೊಡನೆ ನಾನು ಕಳೆದ ಹೊತ್ತಿನ ಬಹುಪಾಲು ಅಲ್ಲಿಯೇ ಕಳೆಯಿತು.

ತಂದೆಯವರು ತುಮಕೂರಿನಲ್ಲಿ ಜವಳಿ ವ್ಯಾಪಾರಿಗಳಾಗಿದ್ದರು, ಬಹಳ ಮಿತಭಾಷಿಗಳು. ಗಿರಾಕಿಗಳೊಡನೆ ದರ, ಅಳತೆ. ಮನೆಯಲ್ಲಿ ಅಷ್ಟೂ ಇಲ್ಲ. ಅವರ ಮೌನವನ್ನು ವಚನಗುಪ್ತಿಯೆಂದು ಹೊಗಳುವವರಿದ್ದರು. ನಾನು ಹಾಗೆನ್ನಲಾರೆ. ಮುನಿಯ ಮೌನ ಬೇರೆ, ಮಕ್ಕಳೊಂದಿಗನಾದ ಗೃಹಸ್ಥನ ಮೌನ ಬೇರೆ. ತಂದೆಗೆ ತನ್ನ ಮೇಲೆ ಅಕ್ಕರೆಯಿದೆಯೋ ಇಲ್ಲವೋ ಎಂದು ಹುಡುಗನು ಊಹಿಸುತ್ತಲೇ ಬೆಳೆಯಬೇಕಾದರೆ ಅದರಲ್ಲಿಯೂ ಒಂದು ಸೂಕ್ಷ್ಮವಾದ ನೋವಿದೆ.

ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಟೆಸ್ಟ್ ಪಂದ್ಯಗಳ ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಬರುತ್ತಿತ್ತು. ತಂದೆಯವರ ಇಂಗ್ಲಿಷು ಬಿಲ್ಲು, ಲಾರಿ ರಸೀದಿಗಳಷ್ಟರದು. ಆದುದರಿಂದ ಕೇಳಿ ಹೇಳುವ ಕೆಲಸ ನನ್ನದಾಯಿತು. 1975ರ ಜನವರಿಯಲ್ಲಿ ಮದರಾಸಿನ ಚೇಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತದ 190ರಲ್ಲಿ 97 ರನ್ನು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥರದು, ಅವರು ಔಟಾಗಲೇ ಇಲ್ಲ. ಬಟ್ಟೆ ಹರಿಯುತ್ತಲೇ ತಂದೆಯವರು "ಎಷ್ಟು?" ಎನ್ನುವರು, ನಾನು ಹೇಳುವೆನು. ಕೊನೆಯವರಾದ ಚಂದ್ರಶೇಖರರು ಔಟಾದಾಗ, ಶತಕಕ್ಕೆ ಮೂರೇ ರನ್ನು ಕಡಿಮೆಯಾಯಿತೆಂದು ನಾನು ಹಲುಬಿದೆನು. ಅವರು ಕಚ್ಚಾ ಪುಸ್ತಕದ ಅಂಚಿನಲ್ಲಿ 97 ಎಂದು ಬರೆದುಕೊಂಡರು. ಆ ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ಅದನ್ನು ಅವರು ಬರೆದುಕೊಳ್ಳಲಿಲ್ಲ. ಅವರ ಕಿವಿ ಸೋಲು-ಗೆಲುವಿಗಿಂತ ಆಡುವವನ ನಡತೆಯ ಕಡೆಗಿತ್ತೆಂದು ನನಗೆ ಖಚಿತವಾದದ್ದು ಐದು ವರ್ಷಗಳ ಅನಂತರ.

1980ರ ಫೆಬ್ರವರಿ. ನಾನಾಗ ಬಿ.ಕಾಂ. ವಿದ್ಯಾರ್ಥಿ. ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಪಂದ್ಯ. 16ರಂದು ಸೂರ್ಯಗ್ರಹಣವೆಂದು ಆಟಕ್ಕೆ ಬಿಡುವು ಕೊಟ್ಟಿದ್ದರು. ವಿಶ್ವನಾಥರೇ ನಾಯಕರು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಕಷ್ಟದಲ್ಲಿತ್ತು. ಅನಂತರ ಬಾಬ್ ಟೇಲರರು ಕ್ಯಾಚಿತ್ತರೆಂದು ಅಂಪೈರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥರು ಆ ತೀರ್ಪನ್ನು ಹಿಂತೆಗೆಸಿ, ಅವರನ್ನು ಮರಳಿ ಆಡಿಸಿದರು. ಟೇಲರರೂ ಇಯಾನ್ ಬಾಥಮರೂ ಸೇರಿ 171 ರನ್ನು ಕೂಡಿಸಿದರು. ಭಾರತ 10 ವಿಕೆಟ್ಟುಗಳಿಂದ ಸೋತಿತು.

ನಾನು ವಾದ ಹೂಡಿದೆನು. ಅಂಪೈರರೇ ಕೊಟ್ಟುದನ್ನು ಪಡೆದರೆ ಅದತ್ತಾದಾನ ಹೇಗಾದೀತು? ಅಲ್ಲದೆ, ಲಾಭ ಹನ್ನೊಂದು ಮಂದಿಗೆ ಸೇರಿದ್ದು. ನಾಯಕನೊಬ್ಬನೇ ಅದನ್ನು ಬಿಟ್ಟುಕೊಡಬಹುದೇ? (ಬಸದಿಯ ಹಣವನ್ನು ಧರ್ಮದರ್ಶಿಯೊಬ್ಬನು ತನ್ನ ಔದಾರ್ಯದ ಹೆಸರಿನಲ್ಲಿ ಬಿಟ್ಟುಕೊಡುವಂತಿಲ್ಲವೆಂಬುದು ನಮ್ಮ ಟ್ರಸ್ಟುಗಳು ಬಲ್ಲ ಮಾತು. ಈ ಆಕ್ಷೇಪ ಇಂದಿಗೂ ನನಗೆ ಹಗುರವೆನಿಸದು.)

ತಂದೆಯವರು ಅಳತೆಗೋಲನ್ನು ಕೆಳಗಿಟ್ಟರು. "ಗಿರಾಕಿ ಎಣಿಕೆ ತಪ್ಪಿ ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ, ಅವನೇ ಕೊಟ್ಟದ್ದು ತಾನೆ? ಅಂಗಡಿ ನಮ್ಮ ಅಣ್ಣತಮ್ಮಂದಿರು ಎಲ್ಲರದೂ. ಹಿಂದಕ್ಕೆ ಕೊಡೋಕೆ ಅವರನ್ನೆಲ್ಲ ಕೇಳ್ಕೊಂಡು ಕೂರ್ತೀನಾ? ಅದು ನಮ್ಮ ಲೆಕ್ಕಕ್ಕೆ ಬಂದೇ ಇಲ್ಲ ಕಣಪ್ಪ."

ರೇಡಿಯೋದ ಮುಂದೆ ಕಳೆದ ಆ ಹೊತ್ತನ್ನು ಪೂರ್ತಿ ನಿರ್ದೋಷವೆನ್ನಲು ನಾನು ಧೈರ್ಯಮಾಡೆನು; ಪ್ರಯೋಜನವಿಲ್ಲದ್ದೆಂದು ಮಾತ್ರ ಹೇಳಲಾರೆನು. ಇಷ್ಟು ಮಾತನ್ನು ಅವರು ನನ್ನೊಡನೆ ಒಮ್ಮೆಗೇ ಆಡಿದ್ದು ಅದೇ ಮೊದಲು. ಆಮೇಲೆ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ನೆನಪಿಸಿ, ಬಾಗಿಲು ಹಾಕಲು ಎದ್ದರು.