ಗೋದಲಿ ಮಾಡುವ ಕೈ, ಕೊಳ್ಳುವ ಕೈ

ಕ್ರಿಸ್ತಜಯಂತಿ ಸಮೀಪಿಸಿದಂತೆ ನಮ್ಮ ಧರ್ಮಕೇಂದ್ರಗಳ ಕೆಲವು ಮನೆಗಳಲ್ಲಿ ಗೋದಲಿ, ನಕ್ಷತ್ರಗಳನ್ನು ಮಾಡಿ ಮಾರುವ ಕೆಲಸ ಆರಂಭವಾಗುತ್ತದೆ. ಆ ಕುಟುಂಬಗಳಿಗೆ ಹಬ್ಬದ ತಿಂಗಳ ದುಡಿಮೆ ದೊಡ್ಡ ಆಸರೆ. ಇಂತಹ ಪ್ರಾಮಾಣಿಕ ದುಡಿಮೆಯಿಂದಲೂ ದೇವರ ಸೃಷ್ಟಿಗೆ ಕೇಡಾದರೆ ಹೊಣೆ ಯಾರದು? ಮಾಡುವವರದೇ, ಕೊಳ್ಳುವವರದೇ?

ಥರ್ಮೋಕೋಲ್ ಹಗುರ, ಅಗ್ಗ, ಕತ್ತರಿಸಲು ಸುಲಭ. ಆದರೆ ಅದು ಪೆಟ್ರೋಲಿಯಂನಿಂದ ತಯಾರಾದದ್ದು, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಹಬ್ಬ ಮುಗಿದ ಮೇಲೆ ಪುಡಿಪುಡಿಯಾಗಿ ಚರಂಡಿ, ಕೆರೆಗಳನ್ನು ಸೇರುತ್ತದೆ. ಸುಟ್ಟರೆ ವಿಷದ ಹೊಗೆ. ಅಲಂಕಾರದ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ದಂಡಕ್ಕೆ ಹೆದರಿ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ.

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯನ್ನು ಅಣಿಗೊಳಿಸಿದಾಗ ಅಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಹಬ್ಬದ ಮರುದಿನ ಭೂಮಿಗೆ ಭಾರವಾಗುವಂಥದ್ದು ಏನೂ ಇರಲಿಲ್ಲ.

ಈ ಕಸುಬಿನಲ್ಲಿರುವ ಸಹೋದರ ಸಹೋದರಿಯರೇ, ಬಿದಿರಿನ ಕಡ್ಡಿ, ಕಾಗದ, ಮೈದಾ ಅಂಟು, ಹಳೆಯ ರಟ್ಟು, ಭತ್ತದ ಹುಲ್ಲು, ಮಣ್ಣಿನ ಗೊಂಬೆ, ಇವೆಲ್ಲ ನಿಮ್ಮ ಕೈಗೆ ಹೊಸತೇನಲ್ಲ. ಇವುಗಳಿಗಿಂತಲೂ ಮುಖ್ಯವಾದದ್ದು ಬಾಳಿಕೆ. ಒಂದೇ ವರ್ಷಕ್ಕೆ ಎಸೆಯುವಂತಿದ್ದರೆ ಬಿದಿರೂ ವ್ಯರ್ಥವೇ. ನಕ್ಷತ್ರದ ಚೌಕಟ್ಟನ್ನು ಗಟ್ಟಿಯಾಗಿ ಕಟ್ಟಿ. ಮರುವರ್ಷ ಅದಕ್ಕೇ ಹೊಸ ಕಾಗದ ಅಂಟಿಸಿಕೊಟ್ಟು ಕೂಲಿ ಪಡೆಯಿರಿ. ಸಾಮಗ್ರಿಯ ಖರ್ಚು ಕಡಿಮೆಯಾಗುತ್ತದೆ, ಗಿರಾಕಿಯೂ ಉಳಿಯುತ್ತಾರೆ.

ಇನ್ನು ಕೊಳ್ಳುವವರ ಮಾತು. ಬಿದಿರು ಸೀಳಿ, ಕಟ್ಟಿ, ಕಾಗದ ಅಂಟಿಸಲು ಹೆಚ್ಚು ಹೊತ್ತು ಬೇಕು. ಆ ಹೊತ್ತಿಗೆ ಬೆಲೆ ಕೊಡಲು ಒಪ್ಪದೆ "ಅಂಗಡಿಯಲ್ಲಿ ಇದಕ್ಕಿಂತ ಅಗ್ಗ" ಎಂದು ಚೌಕಾಸಿ ಮಾಡಿದರೆ, ಆ ತಾಯಿಯನ್ನು ಮತ್ತೆ ಥರ್ಮೋಕೋಲಿನ ಕಡೆಗೆ ತಳ್ಳಿದವರು ನಾವೇ ಅಲ್ಲವೇ? ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಬೇಕೆಂದು ತಿಳಿಸಿದ್ದಾರೆ. ಬಡವರ ಕೂಲಿಯನ್ನು ಕಡಿತ ಮಾಡಿ ಭೂಮಿಯನ್ನು ಉಳಿಸುತ್ತೇವೆನ್ನುವುದು ನ್ಯಾಯವಲ್ಲ. ಬಡತನದ ನೆಪದಲ್ಲಿ ಭೂಮಿಯನ್ನು ಕೆಡಿಸುವುದೂ ಸರಿಯಲ್ಲ.

ಆದುದರಿಂದ ಪ್ರಿಯ ಓದುಗರೇ, ಕಳೆದ ವರ್ಷದ ಗೋದಲಿ ಚೆನ್ನಾಗಿದ್ದರೆ ಅದನ್ನೇ ದುರಸ್ತಿ ಮಾಡಿಸಿ. ಹೊಸದು ಬೇಕಾದರೆ ಯಾವುದರಿಂದ ಮಾಡಿದ್ದೆಂದು ಕೇಳಿ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಿ. ಬಡವನಾಗಿ ಹುಟ್ಟಿದ ಬಾಲಯೇಸುವಿಗೆ ಸಲ್ಲಿಸುವ ಕಾಣಿಕೆಯಲ್ಲಿ ಇದೂ ಒಂದಾಗಲಿ.