ಮನೆ ಕೊಟ್ಟ ಮೇಲೆ

1963ರ ಜೂನ್ ತಿಂಗಳಲ್ಲಿ ಡಬ್ಲಿನ್ ನಗರದ ಹಳೆಯ ವಠಾರಗಳು ಎರಡು ಕಡೆ ಕುಸಿದವು. ಬೋಲ್ಟನ್ ಬೀದಿಯಲ್ಲಿ ವೃದ್ಧ ದಂಪತಿ ಸತ್ತರು. ಕೆಲವೇ ದಿನಗಳಲ್ಲಿ ಫೀನಿಯನ್ ಬೀದಿಯಲ್ಲಿ, ಅಂಗಡಿಗೆ ಹೊರಟಿದ್ದ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಗೋಡೆ ಬಿತ್ತು. ಐರ್ಲೆಂಡ್ ಸರ್ಕಾರ ಎದ್ದು ಕೂತಿತು. ನಗರದ ಉತ್ತರ ಅಂಚಿನ ಬಯಲಾದ ಬ್ಯಾಲಿಮನ್‌ನಲ್ಲಿ ಸುಮಾರು 3,000 ಮನೆಗಳನ್ನು ಅವಸರವಸರವಾಗಿ ಕಟ್ಟಿಸಿತು. ಅಚ್ಚು ಹಾಕಿದ ಕಾಂಕ್ರೀಟ್ ಗೋಡೆಗಳನ್ನು ಜೋಡಿಸಿ ಎತ್ತಿದ ಹದಿನೈದು ಮಹಡಿಯ ಏಳು ಗೋಪುರಗಳು, ಅವುಗಳ ನಡುವೆ ಎಂಟು ಮತ್ತು ನಾಲ್ಕು ಮಹಡಿಯ ಸಾಲುಗಳು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯ ಘೋಷಣಾಪತ್ರಕ್ಕೆ ಸಹಿ ಹಾಕಿ ಗುಂಡಿಗೆ ಬಲಿಯಾದವರೂ ಏಳು ಮಂದಿಯೇ. ಪಿಯರ್ಸ್, ಕಾನಲಿ, ಪ್ಲಂಕೆಟ್ ಎಂದು ಒಂದೊಂದು ಗೋಪುರಕ್ಕೆ ಒಬ್ಬೊಬ್ಬ ಹುತಾತ್ಮನ ಹೆಸರಿಟ್ಟರು.

ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುತ್ತಿದ್ದ ವಠಾರದಿಂದ ಬಂದವರಿಗೆ ಅದು ಸಣ್ಣ ಸಂಗತಿಯಲ್ಲ. ಸ್ವಂತ ಬಚ್ಚಲು, ನಲ್ಲಿಯಲ್ಲಿ ಬಿಸಿನೀರು, ಚಳಿಗೆ ಬೆಚ್ಚಗಿನ ನೆಲ. ಬ್ಯಾಲಿಮನ್ ಮೊದಲ ದಿನದಿಂದಲೂ ನರಕವಾಗಿತ್ತು ಎನ್ನುವವರು ಆ ಮೊದಲ ದಿನದ ಸಂತೋಷವನ್ನು ಮರೆತಿರುತ್ತಾರೆ.

ಆದರೆ ಜನ ಮೊದಲು ಬಂದರು, ಅಂಗಡಿಗಳು ಆಮೇಲೆ. ಅಲ್ಲಿಯವರೆಗೂ ವ್ಯಾನುಗಳಲ್ಲಿ ಬರುತ್ತಿದ್ದ ದಿನಸಿಯೇ ಗತಿ. ಲಿಫ್ಟು ಕೆಟ್ಟು ನಿಂತರೆ ಮಗುವನ್ನೂ ತಳ್ಳುಗಾಡಿಯನ್ನೂ ಸಾಮಾನಿನ ಚೀಲವನ್ನೂ ಹೊತ್ತು ಮೆಟ್ಟಿಲು ಹತ್ತಬೇಕು. ಅದು ಕೆಡುತ್ತಲೇ ಇತ್ತು. ನೆಲ ಬಿಸಿಮಾಡುವ ಕೊಳವೆಗಳು ದೂರದ ಒಂದೇ ಬಾಯ್ಲರ್ ಮನೆಯಿಂದ ಬರುತ್ತಿದ್ದವು. ಸೆಕೆಯಾದರೆ ಕಡಿಮೆ ಮಾಡಲು ಮನೆಯಲ್ಲಿ ಗುಂಡಿಯೇ ಇಲ್ಲ, ಕಿಟಕಿ ತೆರೆದು ಕೂರುವುದೊಂದೇ ದಾರಿ. ತನ್ನ ಮನೆಯ ಬಿಸಿಯನ್ನು ಹೆಚ್ಚುಕಡಿಮೆ ಮಾಡುವ ಅಧಿಕಾರವೂ ಇಲ್ಲದವನನ್ನು ಆ ಮನೆಯ ಯಜಮಾನ ಎನ್ನಲಾದೀತೆ? ಬಾಡಿಗೆದಾರ ಎನ್ನುವುದೂ ಕಷ್ಟವೇ. ದುಡ್ಡು ಕೊಡುವ ಅತಿಥಿ ಅನ್ನಬಹುದೇನೋ.

ಮನೆ ಕಟ್ಟಿ ನೋಡು ಎಂದರು ನಮ್ಮ ಹಿರಿಯರು. ಕಟ್ಟುವವನೇ ಅಲ್ಲಿ ಇರುವವನೂ ಎಂದುಕೊಂಡು ಆಡಿದ ಮಾತದು. ಸರ್ಕಾರ ಕಟ್ಟಿದಾಗ ಮಂತ್ರಿಯ ಕೆಲಸ ಉದ್ಘಾಟನೆಯ ದಿನಕ್ಕೆ ಮುಗಿಯುತ್ತದೆ. ಕೆಟ್ಟ ಲಿಫ್ಟನ್ನು ನಲವತ್ತನೆಯ ಸಲ ರಿಪೇರಿ ಮಾಡಿಸಿದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಲಿಫ್ಟಲ್ಲ, ಒಂದು ಸಹಾಯಧನ. 1980ರ ದಶಕದ ನಡುವಿನಲ್ಲಿ ಸರ್ಕಾರ ಒಂದು ಯೋಜನೆ ತಂದಿತು: ಸರ್ಕಾರಿ ಮನೆ ಬಿಟ್ಟುಕೊಟ್ಟು ಸ್ವಂತ ಮನೆ ಕೊಳ್ಳುವವರಿಗೆ 5,000 ಪೌಂಡ್. ಇದರಲ್ಲಿ ದುರುದ್ದೇಶ ಹುಡುಕಿದರೂ ಸಿಗದು. ಮನೆಗಾಗಿ ಕಾಯುತ್ತಿದ್ದವರಿಗೆ ಮನೆ ಖಾಲಿಯಾಗುತ್ತದೆ, ಬಿಟ್ಟುಕೊಟ್ಟವರು ಸ್ವಂತ ಸೂರು ಕಾಣುತ್ತಾರೆ. ಹೋದವರನ್ನೂ ದೂರಲಾಗದು, ಮಕ್ಕಳಿರುವ ಯಾವ ತಾಯಿತಂದೆ ಒಲ್ಲೆ ಎಂದಾರು? ಆದರೆ ಹೋಗಲು ಸಾಧ್ಯವಾದದ್ದು ಕೆಲಸ ಇದ್ದವರಿಗೆ, ಬ್ಯಾಂಕು ಸಾಲ ಕೊಡುವಂಥವರಿಗೆ. ಬಾಡಿಗೆದಾರರ ಸಂಘ ನಡೆಸಿದವರು, ಹುಡುಗರಿಗೆ ಫುಟ್‌ಬಾಲ್ ಕಲಿಸಿದವರು ಅವರಲ್ಲೇ ಇದ್ದರು. ಖಾಲಿಯಾದ ಮನೆಗಳಿಗೆ ಬೇರೆಲ್ಲೂ ದಿಕ್ಕಿಲ್ಲದವರನ್ನು ತಂದು ತುಂಬಿದರು. ಅದೇ ಹೊತ್ತಿಗೆ ಡಬ್ಲಿನ್ ಪೂರ್ತಿ ನಿರುದ್ಯೋಗ, ಹೆರಾಯಿನ್. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದರು. ಒಂದು ಊರು ಬರಿದಾಯಿತು. ಕೆಟ್ಟವರೇ ಇಲ್ಲದೆ ನಡೆಯುವ ಇಂಥ ಕೆಡುಕಿಗೆ ನಮ್ಮ ನೀತಿಕಥೆಗಳಲ್ಲಿ ಜಾಗವಿಲ್ಲ. ಅದಕ್ಕೇ ನಾವು ತಪ್ಪನ್ನು ಕಾಂಕ್ರೀಟಿನ ತಲೆಗೆ ಕಟ್ಟುತ್ತೇವೆ, ಇಲ್ಲವೇ ಉಳಿದವರ ನಡತೆಗೆ. ಬ್ಯಾಲಿಮನ್ ಎಂಬ ವಿಳಾಸ ಕೊಟ್ಟರೆ ಕೆಲಸ ಸಿಗುವುದಿಲ್ಲ ಎಂದು ಅಲ್ಲಿನವರು ಹೇಳುತ್ತಿದ್ದ ಕಾಲವೂ ಬಂತು.

ಉಳಿದವರು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಸಂಘ ಕಟ್ಟಿಕೊಂಡರು, ದುರಸ್ತಿಗಾಗಿ ವರ್ಷಗಟ್ಟಲೆ ಹೋರಾಡಿದರು. 1997ರಲ್ಲಿ ಎಲ್ಲ ಗೋಪುರ ಕೆಡವಿ ಹೊಸ ಊರು ಕಟ್ಟುವುದೆಂದು ಸರ್ಕಾರ ತೀರ್ಮಾನಿಸಿತು. 2004ರಲ್ಲಿ ಮೊದಲು ಉರುಳಿದ್ದು ಪಿಯರ್ಸ್. ಕೊನೆಯದಾದ ಪ್ಲಂಕೆಟ್ ನೆಲಸಮವಾದದ್ದು 2015ರಲ್ಲಿ.

ಈ ಸಲ ಜನರನ್ನು ಕೇಳಿಯೇ ಕಟ್ಟಿದರು. ತಗ್ಗಿನ ಮನೆಗಳು, ರಂಗಮಂದಿರ, ಈಜುಕೊಳ ಬಂದವು. ಜರ್ಮನ್ ಕಲಾವಿದ ಯೋಹೆನ್ ಗೆರ್ಟ್ಸ್ ಒಂದು ಯೋಜನೆ ಹಾಕಿದ: ನಿವಾಸಿಗಳು ತಮ್ಮ ದುಡ್ಡು ಸೇರಿಸಿ ಮರ ಕೊಡಬೇಕು, ಅದರ ಜೊತೆ ತಮ್ಮದೇ ಒಂದು ಮಾತು ಬರೆಯಬೇಕು. ಬಡವರಿಂದ ಮರಕ್ಕೆ ದುಡ್ಡು ಕೇಳುವುದೇ ಎಂದು ಮೊದಲು ನನಗೂ ಸಿಟ್ಟು ಬಂದಿತ್ತು. ಆದರೆ ಅಷ್ಟು ವರ್ಷ ಅವರಿಂದ ಯಾರೂ ಏನನ್ನೂ ಕೇಳಿರಲಿಲ್ಲ, ಬಾಡಿಗೆಯೊಂದನ್ನು ಬಿಟ್ಟು. ಕೊಡುವವನ ಜಾಗದಲ್ಲಿ ಒಮ್ಮೆ ನಿಲ್ಲುವುದೂ ಮನುಷ್ಯನ ಹಕ್ಕೇ ಇರಬೇಕು.

ಕೆಡವುವುದು ಅನಿವಾರ್ಯವಾಗಿತ್ತೇ ಎಂಬ ವಾದ ಬೇರೆ. ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆಯಲ್ಲಿ ಉರುಳಬೇಕಿದ್ದ ಕ್ಲೈಬರ್ಗ್ ಎಂಬ ಉದ್ದನೆಯ ಕಟ್ಟಡವನ್ನು ಒಂದು ಯೂರೋಗೆ ಮಾರಿದರು. ಕೊಂಡವರು ಅದನ್ನು ರಿಪೇರಿ ಮಾಡಿದ್ದಕ್ಕೆ 2017ರಲ್ಲಿ ಯುರೋಪಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಯೇ ಬಂತು. ದುರಸ್ತಿಗೆ ಪ್ರಶಸ್ತಿ ಬರುವುದು ಎಷ್ಟು ಅಪರೂಪ ನೋಡಿ.

ಬ್ಯಾಲಿಮನ್‌ಗೆ ಮೆಟ್ರೋ ರೈಲು ತರುವ ಮಾತೂ ಇತ್ತು. 2008ರ ಆರ್ಥಿಕ ಕುಸಿತ ಬಂದು ಕೊನೆಯ ಗೋಪುರ ಬೀಳುವ ಹೊತ್ತಿಗೂ ರೈಲು ಬರಲಿಲ್ಲ. ಹಳೆಯ ಶಾಪಿಂಗ್ ಸೆಂಟರ್ ಒಂದೊಂದೇ ಅಂಗಡಿ ಮುಚ್ಚುತ್ತ ಹೋಗಿ, ಅದನ್ನೂ ಕೆಡವಿದರು. ಈ ಸಲವೂ ಮನೆಗಳು ಮೊದಲು ಬಂದವು.